ಒಂಬತ್ತನೇ ತಿಂಗಳ ಗಾಳಿಯ ಊರು

ತೈವಾನಿನ ಶಿನ್‌ಚು ಊರಿನಲ್ಲಿ ಗಾಳಿಗೂ ತಿಂಗಳ ಲೆಕ್ಕದಲ್ಲಿ ಹೆಸರಿದೆ. ಚೀನೀ ಪಂಚಾಂಗದ ಒಂಬತ್ತನೇ ತಿಂಗಳು, ಅಂದರೆ ಹೆಚ್ಚುಕಡಿಮೆ ನಮ್ಮ ಆಶ್ವಯುಜ ಹೊತ್ತಿಗೆ, ಈಶಾನ್ಯದಿಂದ ಒಣಗಾಳಿ ಶುರುವಾಗುತ್ತದೆ. ಚಳಿಗಾಲ ಮುಗಿಯುವವರೆಗೂ ಅದರದೇ ಕಾರುಬಾರು. ಕೊಡೆ ಬಿಚ್ಚಿದರೆ ಕಡ್ಡಿ ಮಾತ್ರ ಕೈಯಲ್ಲಿ ಉಳಿಯುತ್ತದೆ. ಆದರೆ ಊರಿನವರು ಗಾಳಿಯನ್ನು ಬೈಯುತ್ತ ಕೂರುವುದಿಲ್ಲ, ದುಡಿಸಿಕೊಳ್ಳುತ್ತಾರೆ. ಅಕ್ಕಿ ಶಾವಿಗೆಯನ್ನು ಬಿದಿರಿನ ಚೌಕಟ್ಟುಗಳ ಮೇಲೆ ಹರವಿ ಇದೇ ಗಾಳಿಗೆ ಒಡ್ಡುತ್ತಾರೆ. ಪಕ್ಕದ ಶಿನ್‌ಪುವಿನಲ್ಲಿ ಹಕ್ಕಾ ಸಮುದಾಯದ ರೈತರು ಸಿಪ್ಪೆ ಹೆರೆದ ಪರ್ಸಿಮನ್ ಹಣ್ಣುಗಳನ್ನು ದೊಡ್ಡ ದೊಡ್ಡ ಗೆರಸಿಗಳಲ್ಲಿ ಜೋಡಿಸಿಡುತ್ತಾರೆ. ಆಗ ಅಂಗಳಕ್ಕೆ ಅಂಗಳವೇ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ.

ಇದೇ ಊರಿನ ಇನ್ನೊಂದು ಅಂಚಿನಲ್ಲಿ 1980ರಲ್ಲಿ ಶುರುವಾದ ವಿಜ್ಞಾನ ಪಾರ್ಕ್ ಇದೆ. ಜಗತ್ತಿನ ಫೋನು, ಕಾರು, ಕಂಪ್ಯೂಟರುಗಳ ಒಳಗಿರುವ ಚಿಪ್‌ಗಳ ರಾಜಧಾನಿ ಇದು. ಚಿಪ್ ತಯಾರಿಸುವ ಟಿಎಸ್‌ಎಂಸಿ ಕಂಪನಿ ಹುಟ್ಟಿದ್ದೂ ಇಲ್ಲೇ, 1987ರಲ್ಲಿ. ಬೆಂಗಳೂರಿನಲ್ಲಿ ಚಿಪ್ ವಿನ್ಯಾಸ ಮಾಡಿಕೊಂಡಿದ್ದ ನನ್ನಂಥವರು ಬಂದು ಸೇರುವುದು ಈ ಅಂಚಿಗೆ. ಹೊರಡುವ ಮೊದಲು ನೆಂಟರಿಷ್ಟರು ಹಾವು ತಿನ್ನುವವರ ಬಗ್ಗೆ, ಅರ್ಥವಾಗದ ಲಿಪಿಯ ಬಗ್ಗೆ ಹೆದರಿಸಿದ್ದರು. ಅದಕ್ಕೆಲ್ಲ ಮನಸ್ಸು ಮೊದಲೇ ಗಟ್ಟಿಯಾಗಿತ್ತು. ಗಟ್ಟಿ ಮಾಡಿಕೊಳ್ಳದೆ ಬಂದದ್ದು ಚೆನ್ನಾಗಿ ಗೊತ್ತಿದ್ದ ಸಂಗತಿಗಳಿಗೆ. ಅವೇ ಇಲ್ಲಿ ಎದುರು ನಿಂತು ನನ್ನ ಗುರುತೇ ಇಲ್ಲವೆಂಬಂತೆ ನಡೆದುಕೊಂಡವು.

ಮೊದಲನೆಯದು ಅಡಿಕೆ. ನಾನು ಸಾಗರದ ಕಡೆಯ ಅಡಿಕೆ ತೋಟದ ಮನೆಯವಳು. ಮೆಟ್ಟುಗತ್ತಿಯ ಮುಂದೆ ಕೂತು ಸುಲಿದವಳು, ಹಂಡೆಯಲ್ಲಿ ಕುದಿಯುವ ಚೊಗರಿನ ವಾಸನೆಯಲ್ಲಿ ಪರೀಕ್ಷೆಗೆ ಓದಿದವಳು. ವಿಮಾನ ನಿಲ್ದಾಣದಿಂದ ಬರುವ ರಾತ್ರಿಯ ದಾರಿಯ ಪಕ್ಕದಲ್ಲಿ ನವಿಲುಗರಿಯ ಹಾಗೆ ಬಿಚ್ಚಿಕೊಂಡ ಹಸಿರು, ನೇರಳೆ ನಿಯಾನ್ ದೀಪಗಳು ಕಂಡವು. ಕೆಳಗೆ ಗಾಜಿನ ಗೂಡು, ಒಳಗೆ ಎತ್ತರದ ಸ್ಟೂಲಿನ ಮೇಲೆ ಕಡಿಮೆ ಬಟ್ಟೆಯ ಹುಡುಗಿ. ಲಾರಿಯೊಂದು ನಿಧಾನವಾಯಿತು. ಹುಡುಗಿ ಎದ್ದು ಓಡಿಬಂದು ಚಾಲಕನ ಕೈಗೆ ಏನೋ ಪೊಟ್ಟಣ ಕೊಟ್ಟಳು. ಏನು ಮಾರುತ್ತಿದ್ದಾಳೆಂದು ನನ್ನ ಕಾರಿನ ಡ್ರೈವರನ್ನು ಕೇಳಿದೆ. ಆತ ದವಡೆಯಲ್ಲಿದ್ದುದನ್ನು ಒಂದು ಕಡೆಗೆ ಸರಿಸಿ, ಕೆಂಪಾದ ಹಲ್ಲು ತೋರಿಸಿ ನಕ್ಕ.

ಅಡಿಕೆಯನ್ನು ಹೀಗೂ ಮಾರಬಹುದೆಂದು ನಮ್ಮ ಮಂಡಿಯವರಿಗೆ ಇಷ್ಟು ವರ್ಷವಾದರೂ ಹೊಳೆದಿಲ್ಲ! ಈ ಹುಡುಗಿಯರಿಗೆ ಚೀನಾದ ಪುರಾಣಪ್ರಸಿದ್ಧ ಸುಂದರಿ ಶೀಶಿಯ ಹೆಸರು ಸೇರಿಸಿ ಅಡಿಕೆ ಸುಂದರಿಯರೆಂದೇ ಕರೆಯುತ್ತಾರೆ. ಈಗ ಅವರ ಸಂಖ್ಯೆ ಕಡಿಮೆಯಾಗಿದೆ. ಬಹುಪಾಲು ಗೂಡುಗಳಲ್ಲಿ ನಡುವಯಸ್ಸಿನ ಹೆಂಗಸರು ಟಿವಿ ನೋಡುತ್ತ ಎಲೆಗೆ ಸುಣ್ಣ ಬಳಿಯುತ್ತಿರುತ್ತಾರೆ.

ನಮ್ಮ ಬೀದಿಯ ತುದಿಯಲ್ಲಿ ಅಂಥದ್ದೊಂದು ಗೂಡು ಇದೆ. ಇಲ್ಲಿಯವರು ಅಡಿಕೆಯನ್ನು ಬೇಯಿಸುವುದಿಲ್ಲ, ಒಣಗಿಸುವುದಿಲ್ಲ, ಸುಲಿಯುವುದೂ ಇಲ್ಲ. ಎಳೆಯ ಹಸಿರು ಕಾಯಿಯ ತೊಟ್ಟು ಕತ್ತರಿಸಿ, ಸುಣ್ಣ ಹಚ್ಚಿದ ವೀಳ್ಯದೆಲೆಯನ್ನು ಸುತ್ತಿ, ಸಿಪ್ಪೆ ಸಮೇತ ಬಾಯಿಗೆ ಹಾಕುತ್ತಾರೆ. ಇನ್ನೊಂದು ಬಗೆಯೂ ಉಂಟು: ಕಾಯಿಯನ್ನು ಉದ್ದಕ್ಕೆ ಸೀಳಿ, ಒಳಗೆ ಸುಣ್ಣದ ಜೊತೆ ವೀಳ್ಯದ ಬಳ್ಳಿಯ ಹೂಗೊಂಚಲಿನ ತುಂಡು ಇಡುವುದು. ತಂಬಾಕಿನ ಸುದ್ದಿಯೇ ಇಲ್ಲ. ಉಗಿಯಲೆಂದು ಕಾಗದದ ಲೋಟವನ್ನು ಅಂಗಡಿಯವರೇ ಕೊಡುತ್ತಾರೆ. ಬೀದಿಯಲ್ಲಿ ಉಗಿದರೆ ದಂಡ ಬೀಳುತ್ತದೆ.

ಅಂಗಡಿಯಾಕೆಗೆ ಫೋನಿನಲ್ಲಿ ನಮ್ಮ ಮನೆಯ ಅಂಗಳದಲ್ಲಿ ಚಾಲಿಗೆ ಹರವಿದ ಹಣ್ಣಡಿಕೆಯ ಫೋಟೋ ತೋರಿಸಿದೆ. ಆಕೆ ಅದನ್ನು ದೊಡ್ಡದು ಮಾಡಿ ನೋಡಿ ನಿಜಕ್ಕೂ ಮರುಗಿದಳು. "ಅಯ್ಯೋ, ಇಷ್ಟು ಬಲಿಯಲು ಯಾಕೆ ಬಿಟ್ಟಿರಿ? ಹಲ್ಲಿನ ಗತಿ ಏನು?" ಊರಿಗೆ ಫೋನು ಮಾಡಿ ಇದನ್ನೆಲ್ಲ ವರ್ಣಿಸಿದೆ. ಅಪ್ಪ ಸುಂದರಿಯರ ಬಗ್ಗೆ ಏನೂ ಕೇಳಲಿಲ್ಲ. "ಅಲ್ಲಿ ಧಾರಣೆ ಎಷ್ಟಿದ್ದೇ ಕೂಸೇ?" ಎಂದರು, ಅಷ್ಟೇ.

ಧಾರಣೆಯ ಕಥೆ ಇಲ್ಲಿ ಬೇರೆಯೇ. ಒಂದು ಕಾಲದಲ್ಲಿ ಅಡಿಕೆಗೆ ಇಲ್ಲಿ ಹಸಿರು ಚಿನ್ನವೆಂಬ ಹೆಸರಿತ್ತು. ಪಿಂಗ್‌ಟುಂಗ್, ನಾನ್‌ಟೌ ಜಿಲ್ಲೆಗಳ ಬೆಟ್ಟದ ಇಳಿಜಾರುಗಳನ್ನೆಲ್ಲ ಅದು ಆವರಿಸಿಕೊಂಡಿತು. ಈಗ ತೋಟ ಕಡಿದು ಬೇರೆ ಬೆಳೆ ಹಾಕುವವರಿಗೆ ಸರ್ಕಾರ ಸಹಾಯಧನ ಕೊಡುತ್ತದೆ. ತಂಬಾಕು ಬೆರೆಸದ ಕವಳವೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಹೇಳಿದೆ. ಇಲ್ಲಿನ ಸರ್ಕಾರ ಆ ಮಾತನ್ನು ಪೋಸ್ಟರುಗಳಲ್ಲಿ ಬಾಯಿ ಹುಣ್ಣಿನ ಚಿತ್ರಗಳ ಸಮೇತ ಹಾಕಿಸುತ್ತದೆ. ಡಿಸೆಂಬರ್ 3 ಇಲ್ಲಿ ಅಡಿಕೆ ವಿರೋಧಿ ದಿನ. ಅಡಿಕೆಯ ದುಡ್ಡಿನಲ್ಲೇ ಓದಿ ಬೆಳೆದವಳು ಆಸ್ಪತ್ರೆಯ ಗೋಡೆಯ ಮೇಲೆ ಆ ಪೋಸ್ಟರನ್ನು ನೋಡುತ್ತ ಸರದಿಗೆ ಕಾಯುವುದು ಹೇಗಿರುತ್ತದೆಂದು ಊರಿನವರಿಗೆ ಹೇಳುವುದು ಕಷ್ಟ. ನಮ್ಮಲ್ಲಿ ಈ ಮಾತು ಬಂದಾಗಲೆಲ್ಲ ಅದು ಬೆಳೆಗಾರರ ವಿರುದ್ಧದ ಪಿತೂರಿ ಎಂದು ಮುಗಿದುಹೋಗುತ್ತದೆ. ಇಲ್ಲಿ ಹಾಗೆ ಮುಗಿಸಲಿಲ್ಲ. ಹಾಗೆಂದು ಗೂಡುಗಳನ್ನೂ ಮುಚ್ಚಿಸಿಲ್ಲ. ಪೂರ್ವ ತೀರದ ಆಮಿಸ್, ದಕ್ಷಿಣದ ಪೈವಾನ್ ಮೂಲನಿವಾಸಿಗಳ ಪೂಜೆಯಲ್ಲಿ, ಮದುವೆಯಲ್ಲಿ ಅಡಿಕೆ ನಮ್ಮಲ್ಲಿರುವಷ್ಟೇ ಮರ್ಯಾದೆಯಿಂದ ಕೂತಿದೆ.

ಊಟದ್ದು ಇದಕ್ಕೆ ತಿರುಗುಮುರುಗು. ಸಸ್ಯಾಹಾರಿಯಾದ ನಾನು ಉಪವಾಸಕ್ಕೆ ಸಿದ್ಧಳಾಗಿಯೇ ಬಂದಿದ್ದೆ, ಚೀಲದಲ್ಲಿ ಅವಲಕ್ಕಿ, ಚಟ್ನಿಪುಡಿ ತುಂಬಿಕೊಂಡು. ನೋಡಿದರೆ ಮೂಲೆಮೂಲೆಗೂ ಸಸ್ಯಾಹಾರದ ಅಂಗಡಿ, ಬೋರ್ಡಿನ ಮೇಲೆ ಸ್ವಸ್ತಿಕ. ಇದು ಬೌದ್ಧರ ಸ್ವಸ್ತಿಕ. ಒಳಗೆ ಉದ್ದನೆಯ ಮೇಜಿನ ಮೇಲೆ ಬಿದಿರು ಕಳಲೆ, ಸೊಪ್ಪು, ಅಣಬೆ, ಬದನೆ, ಹತ್ತಾರು ಬಗೆಯ ತೋಫು. ಬೇಕಾದ್ದನ್ನು ಬಡಿಸಿಕೊಂಡು ಹೋಗಿ ತಕ್ಕಡಿಯ ಮೇಲಿಟ್ಟರೆ ತೂಕಕ್ಕೆ ತಕ್ಕ ದುಡ್ಡು. ಕಳಲೆಯನ್ನು ಕಂಡು ಮಲೆನಾಡಿನವಳ ಜೀವ ತಣ್ಣಗಾಯಿತು.

ಇವರ ಸಸ್ಯಾಹಾರದ ಮಡಿ ಎಷ್ಟಿದೆಯೆಂದರೆ 2009ರಿಂದ ಪೊಟ್ಟಣಗಳ ಮೇಲೆ ಐದು ವರ್ಗ ಮಾಡಿ ಮುದ್ರಿಸುತ್ತಾರೆ. ಶುದ್ಧ, ಮೊಟ್ಟೆ ಸೇರಿದ್ದು, ಹಾಲು ಸೇರಿದ್ದು, ಎರಡೂ ಸೇರಿದ್ದು, ಕೊನೆಗೆ ಈರುಳ್ಳಿ ಬೆಳ್ಳುಳ್ಳಿಯಂಥ ಘಾಟಿನ ವಸ್ತುಗಳು ಸೇರಿದ್ದು. ಈರುಳ್ಳಿ ಬೆಳ್ಳುಳ್ಳಿಗೆ ನಿಷೇಧವೆಂದು ತಿಳಿದಾಗ ನನಗೆ ಅಜ್ಜಿಯ ಅಡುಗೆಮನೆಗೇ ಬಂದು ಸೇರಿದ ಹಾಗಾಯಿತು. ಆ ನೆಮ್ಮದಿ ಬಹಳ ದಿನ ಉಳಿಯಲಿಲ್ಲ. ಚೀನೀ ಬೌದ್ಧ ಗ್ರಂಥಗಳು ಹೆಸರಿಸುವ ಐದು ನಿಷಿದ್ಧ ಘಾಟುಗಳಲ್ಲಿ ಐದನೆಯದು ಇಂಗು! ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರಿಗೆ ಯಾವುದು ಆಧಾರವೋ ಅದಕ್ಕೇ ಇಲ್ಲಿ ಬಹಿಷ್ಕಾರ. ಇಲ್ಲಿನ ಸಾಮಾನ್ಯ ಅಂಗಡಿಗಳಲ್ಲಿ ಇಂಗು ಸಿಗುವುದಿಲ್ಲವಾದ್ದರಿಂದ ಜನ ಅದರ ಬಗ್ಗೆ ತಲೆ ಕೆಡಿಸಿಕೊಂಡಿಲ್ಲ. ಆದರೂ ನನ್ನ ಸಾರನ್ನು ಪಕ್ಕದ ಮನೆಯ ಬೌದ್ಧ ಅಜ್ಜಿಗೆ ಕೊಡುವಾಗ ನಾನು ಒಗ್ಗರಣೆಗೆ ಇಂಗು ಹಾಕುವುದಿಲ್ಲ. ಸಾರು ಬಡವಾಗುತ್ತದೆ. ಆಗಲಿ.

ಆ ಅಜ್ಜಿಯ ಪರಿಚಯವಾದದ್ದು ಕಸದಿಂದ. ಸಂಜೆ ಬೀದಿಯಲ್ಲಿ ಬೀಥೋವನ್ನನ 'ಫ್ಯೂರ್ ಎಲೀಸ್' ಕೇಳಿಸಿದರೆ ಯಾರೋ ಪಿಯಾನೋ ಅಭ್ಯಾಸ ಮಾಡುತ್ತಿದ್ದಾರೆಂದು ಹೊಸಬರು ತಿಳಿದಾರು. ಆದರೆ ಹಳದಿ ಬಣ್ಣದ ಕಸದ ಲಾರಿ ಬರುತ್ತಿದೆ ಎಂದರ್ಥ. ಕೆಲವು ಲಾರಿಗಳಿಗೆ ಪೋಲೆಂಡಿನ ಬಾದಾರ್ಜೆವ್‌ಸ್ಕಾ ಬರೆದ 'ಕನ್ಯೆಯ ಪ್ರಾರ್ಥನೆ' ಮೀಸಲು. ಬೀದಿಯಲ್ಲಿ ತೊಟ್ಟಿಗಳಿಲ್ಲ. ಕಸ ನೆಲ ಮುಟ್ಟಕೂಡದೆಂಬ ನಿಯಮ ತೊಂಬತ್ತರ ದಶಕದ ಕೊನೆಯಲ್ಲಿ ಬಂತು. ಅದಕ್ಕೂ ಮೊದಲು ತೈವಾನನ್ನು ಕಸದ ದ್ವೀಪವೆಂದು ಹಂಗಿಸುತ್ತಿದ್ದರಂತೆ. ತೈಪೆ ನಗರದಲ್ಲಂತೂ 2000ದಿಂದ ಸರ್ಕಾರಿ ಮುದ್ರೆಯ ಚೀಲವನ್ನು ದುಡ್ಡು ಕೊಟ್ಟು ಕೊಂಡು ಅದರಲ್ಲೇ ಕಸ ಹಾಕಬೇಕು. ಸಂಗೀತ ಕೇಳಿದೊಡನೆ ಬೀದಿಗೆ ಬೀದಿಯೇ ಕೆಳಗಿಳಿಯುತ್ತದೆ. ಚಪ್ಪಲಿ ಮೆಟ್ಟಿದ ಪ್ರೊಫೆಸರು, ಸಮವಸ್ತ್ರದ ಮಕ್ಕಳು, ನೈಟ್ ಶಿಫ್ಟಿಗೆ ಹೊರಟ ಇಂಜಿನಿಯರು, ಎಲ್ಲರ ಕೈಯಲ್ಲೂ ಚೀಲ. ಅಡುಗೆಮನೆಯ ಕಸದಲ್ಲಿ ಹಸಿಯದೇ ಬೇರೆ, ಬೆಂದದ್ದೇ ಬೇರೆ. ಬೆಂದದ್ದು ಬಹುಕಾಲ ಹಂದಿಗಳ ಪಾಲಾಗುತ್ತಿತ್ತು.

ಆ ಸಾಲಿನಲ್ಲಿ ಇಂಡೋನೇಷ್ಯಾದ ಹೆಣ್ಣುಮಕ್ಕಳೂ ನಿಲ್ಲುತ್ತಾರೆ. ಒಂದು ಕೈಯಲ್ಲಿ ಕಸ, ಇನ್ನೊಂದು ಕೈಯಲ್ಲಿ ಮುದುಕರನ್ನು ಕೂರಿಸಿದ ಗಾಲಿಕುರ್ಚಿ. ಅವರೂ ಪರದೇಶಿಗಳು, ನಾನೂ ಪರದೇಶಿ. ನನ್ನನ್ನು ಜನ ಇಂಜಿನಿಯರ್ ಎಂದು ಮಾತಾಡಿಸುತ್ತಾರೆ, ಅವರನ್ನು ಬಹಳ ಸಲ ಮಾತಾಡಿಸುವುದೇ ಇಲ್ಲ. ಮನೆಯಲ್ಲೇ ಇದ್ದು ದುಡಿಯುವ ಇವರಿಗೆ ಇಲ್ಲಿನ ಕಾರ್ಮಿಕ ಮಾನದಂಡ ಕಾಯಿದೆ ಅನ್ವಯವಾಗುವುದಿಲ್ಲ. ತೈವಾನಿನ ಸೌಜನ್ಯವನ್ನು ಹೊಗಳಿ ಬರೆಯುವವರು, ನನ್ನನ್ನೂ ಸೇರಿಸಿ, ಈ ಸಾಲನ್ನು ಬಿಟ್ಟುಬಿಡಬಾರದು.

ಊರ ನಡುವೆ 1748ರಲ್ಲಿ ಕಟ್ಟಿದ ನಗರದೇವತೆಯ ಗುಡಿ ಇದೆ. ಗುಡಿ ಎಲ್ಲಿ ಮುಗಿಯಿತು, ಹೋಟೆಲು ಎಲ್ಲಿ ಶುರುವಾಯಿತು ಎಂದು ಗೊತ್ತಾಗುವುದಿಲ್ಲ. ಊದಿನಕಡ್ಡಿಯ ಹೊಗೆ, ಶಾವಿಗೆ ಹುರಿಯುವ ಹೊಗೆ ಒಂದರೊಳಗೊಂದು. ದೇವರ ಮುಂದೆ ಭಕ್ತರು ಅರ್ಧಚಂದ್ರಾಕಾರದ ಎರಡು ಮರದ ತುಂಡುಗಳನ್ನು ನೆಲಕ್ಕೆ ಬಿಡುತ್ತಾರೆ. ಒಂದು ಮಗುಚಿ ಒಂದು ಅಂಗಾತ ಬಿದ್ದರೆ ದೇವರು ಒಪ್ಪಿದ. ಎರಡೂ ಮಗುಚಿ ಬಿದ್ದರೆ ಇಲ್ಲ ಎಂದ. ಎರಡೂ ಅಂಗಾತ ಬಿದ್ದರೆ ನಗುತ್ತಿದ್ದಾನೆ, ಪ್ರಶ್ನೆಯನ್ನೇ ಸರಿಮಾಡಿಕೊಂಡು ಬಾ ಎಂದು. ಹೂವಿನ ಪ್ರಸಾದ ಬಲಕ್ಕೆ ಬೀಳುವುದೋ ಎಡಕ್ಕೋ ಎಂದು ಉಸಿರು ಹಿಡಿದು ಕಾಯುವವರ ನಡುವೆ ಬೆಳೆದ ನನಗೆ ನಗುವ ದೇವರ ಮೇಲೆ ತುಂಬ ಪ್ರೀತಿ ಬಂತು. ನಮ್ಮಲ್ಲಿ ಆ ಸೌಕರ್ಯವಿಲ್ಲ.

ಈ ಭಕ್ತಿ ಗುಡಿಗೆ ಸೀಮಿತವಲ್ಲ. ಸರ್ವರುಗಳ ಮೇಲೆ, ದುಬಾರಿ ಯಂತ್ರಗಳ ತಲೆಯ ಮೇಲೆ ಹಸಿರು ಪೊಟ್ಟಣದ ಕುರುಕಲು ತಿಂಡಿ ಕೂತಿರುತ್ತದೆ. 'ಗುವಾಯ್ ಗುವಾಯ್' ಅದರ ಹೆಸರು, ತೆಂಗಿನಕಾಯಿಯ ಪರಿಮಳದ್ದು. ಅದು ಹತ್ತಿರವಿದ್ದರೆ ಯಂತ್ರ ಹಟ ಮಾಡುವುದಿಲ್ಲವಂತೆ. ಪೊಟ್ಟಣ ಹಸಿರೇ ಆಗಿರಬೇಕು, ಹಳದಿ, ಕೆಂಪು ನಡೆಯುವುದಿಲ್ಲ. ಅವಧಿ ಮುಗಿದದ್ದಾಗಿರಬಾರದು. ಒಡೆದು ತಿನ್ನುವಂತೆಯೂ ಇಲ್ಲ. ಮನುಷ್ಯನ ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣ ಗೆರೆಗಳನ್ನು ಎಳೆಯುವ ಉದ್ಯಮದಲ್ಲಿ ಪಿಎಚ್‌ಡಿ ಮಾಡಿದವರು ಇದನ್ನು ಗಂಭೀರವಾಗಿ ಪಾಲಿಸುವುದನ್ನು ಕಂಡು ನಾನು ನಗಲಿಲ್ಲ. ಆಯುಧಪೂಜೆಗೆ ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟವಳು ಯಾವ ಬಾಯಲ್ಲಿ ನಗುವುದು?

ಆದರೆ ಶ್ರಾವಣ ಬಂದಾಗ ಮಾತ್ರ ನಾವು ಬೇರೆಬೇರೆ ಲೋಕದವರು. ನಮ್ಮ ಶ್ರಾವಣ ಸಾಮಾನ್ಯವಾಗಿ ಇವರ ಏಳನೇ ತಿಂಗಳು, ಅದೇ ಪ್ರೇತಗಳ ಮಾಸ. ಪಾತಾಳದ ಬಾಗಿಲು ತೆರೆದು ದಿಕ್ಕಿಲ್ಲದ ಆತ್ಮಗಳು ಊರೂರು ತಿರುಗುತ್ತವೆಂದು ನಂಬಿಕೆ. ಆ ತಿಂಗಳು ಮದುವೆಯಿಲ್ಲ, ಮನೆ ಕೊಳ್ಳುವುದಿಲ್ಲ, ಹೊಳೆಗೆ ಇಳಿಯುವುದಿಲ್ಲ. ಬ್ಯಾಂಕು, ಸೂಪರ್‌ಮಾರ್ಕೆಟ್ಟುಗಳ ಎದುರೂ ಮೇಜು ಹಾಕಿ ಹಣ್ಣು, ಬಿಸ್ಕತ್ತು, ನೂಡಲ್ಸ್ ಪೊಟ್ಟಣ ಜೋಡಿಸಿ ಪ್ರೇತಗಳಿಗೆ ಎಡೆ ಇಡುತ್ತಾರೆ. ಕಾಗದದ ನೋಟು ಸುಡುತ್ತಾರೆ. ನಮಗೆ ನೂಲುಹುಣ್ಣಿಮೆಯಾಗುವ ಹೊತ್ತಿಗೆ ಇವರ ನಗರದೇವತೆ ಪ್ರೇತಗಳ ಯೋಗಕ್ಷೇಮ ನೋಡಲು ಮೆರವಣಿಗೆ ಹೊರಡುತ್ತಾನೆ. ನಾನು ಮನೆಯಲ್ಲಿ ವರಮಹಾಲಕ್ಷ್ಮಿಯನ್ನು ಕೂರಿಸಿ ಲಕ್ಷ್ಮಿಯನ್ನು ಒಳಗೆ ಕರೆಯುವಾಗ, ಹೊರಗೆ ಬೀದಿ ತುಂಬ ಹಸಿದವರನ್ನು ಹೊರಗೇ ಉಣಿಸಿ ಕಳಿಸುವ ಏರ್ಪಾಡು. ಪಕ್ಕದ ಅಜ್ಜಿ ನನ್ನ ಕಲಶವನ್ನು ನೋಡಿ, "ಈ ತಿಂಗಳಲ್ಲಿ ಯಾರನ್ನಾದರೂ ಕರೆಯುವಾಗ ಹೆಸರು ಹಿಡಿದು ಸರಿಯಾಗಿ ಕರಿ, ಮಗಳೇ" ಎಂದು ಎಚ್ಚರಿಸಿ ಹೋದಳು.

ನೆಲ ನಡುಗುವುದೂ ಇಲ್ಲಿಯವರಿಗೆ ಹೊಸದಲ್ಲ. 2024ರ ಏಪ್ರಿಲ್ 3ರಂದು ಬೆಳಗ್ಗೆ ಎಂಟಕ್ಕೆ ಇನ್ನೆರಡು ನಿಮಿಷ ಇರುವಾಗ ಪೂರ್ವದ ಹುವಾಲಿಯನ್ ತೀರದಲ್ಲಿ 7.2ರ ಭೂಕಂಪವಾಯಿತು. ಕಾಲು ಶತಮಾನದಲ್ಲಿ ಇಷ್ಟು ದೊಡ್ಡದು ಆಗಿರಲಿಲ್ಲ. 1999ರ ಭೂಕಂಪದಲ್ಲಿ 2,400ಕ್ಕೂ ಹೆಚ್ಚು ಜನ ಸತ್ತಿದ್ದರು. ಶಿನ್‌ಚುವಿನಲ್ಲಿ ಕಪಾಟುಗಳು ತೆರೆದುಕೊಂಡವು, ಕೆಲವು ಕಾರ್ಖಾನೆಗಳಿಂದ ನೌಕರರನ್ನು ಹೊರಗೆ ಕಳಿಸಿದರು. ನಾನು ಮೇಜಿನ ಕೆಳಗೆ ದೇವರ ನಾಮ ಹೇಳುತ್ತಿದ್ದೆ. ಮಧ್ಯಾಹ್ನಕ್ಕೆ ತೂಕದ ಊಟದ ಅಂಗಡಿ ತೆರೆದಿತ್ತು. ಸಂಜೆ ಬೀಥೋವನ್ ಬಂದ, ಎಲ್ಲರೂ ಚೀಲ ಹಿಡಿದು ಇಳಿದೆವು.

ಇಲ್ಲಿಗೆ ಬರುವ ಕನ್ನಡಿಗರಿಗೆ ಒಂದು ಮಾತು ಹೇಳುವುದಿದೆ. ಒಂದು ಬಾಟಲಿ ನೀರು ಕೊಂಡರೂ ಕೊಡುವ ರಸೀದಿಯನ್ನು ಬಿಸಾಡಬೇಡಿ. ಅಂಗಡಿಯವರು ತೆರಿಗೆ ತಪ್ಪಿಸದಿರಲೆಂದು 1951ರಲ್ಲಿ ಸರ್ಕಾರ ರಸೀದಿಯನ್ನೇ ಲಾಟರಿ ಟಿಕೆಟ್ ಮಾಡಿತು. ಅಂದಿನಿಂದ ರಸೀದಿಯನ್ನು ಗಿರಾಕಿಗಳೇ ಕೇಳಿ ಪಡೆಯುತ್ತಾರೆ. ಎರಡು ತಿಂಗಳಿಗೊಮ್ಮೆ, ಬೆಸ ತಿಂಗಳ 25ರಂದು ಡ್ರಾ. ಎಂಟೂ ಅಂಕಿ ಕೂಡಿದರೆ ಒಂದು ಕೋಟಿ ತೈವಾನ್ ಡಾಲರಿನವರೆಗೆ ಬಹುಮಾನ, ಕೊನೆಯ ಮೂರು ಕೂಡಿದರೆ 200 ಡಾಲರ್. ಪರದೇಶಿಗಳಿಗೂ ಹಕ್ಕುಂಟು. ಡ್ರಾ ಆಗುವ ಮೊದಲೇ ಊರಿಗೆ ಹೊರಟಿದ್ದರೆ ಗಲ್ಲಾದ ಪಕ್ಕದ ಡಬ್ಬಿಯಲ್ಲಿ ರಸೀದಿ ಹಾಕಿ ಹೋಗಿ; ಅಂಕಿ ಕೂಡಿದರೆ ದುಡ್ಡು ಯಾವುದಾದರೊಂದು ಸೇವಾಸಂಸ್ಥೆಗೆ ಸೇರುತ್ತದೆ.