ಹುಮನಾಬಾದ್ ಹೆದ್ದಾರಿಯಲ್ಲಿ ಹಾದುಹೋದವರು

ಸೊಲ್ಲಾಪುರದಿಂದ ಹೈದರಾಬಾದ್ ಬಸ್ಸು ಹತ್ತಿದರೆ ನಳದುರ್ಗ, ಉಮರ್ಗಾ ದಾಟಿದ ಮೇಲೆ ಬಸವಕಲ್ಯಾಣದ ಕ್ರಾಸು, ಆಮೇಲೆ ರಾಜೇಶ್ವರ, ಹುಮನಾಬಾದ್, ಮುಂದೆ ಜಹೀರಾಬಾದ್. ಡಾಬಾ, ಲಾರಿ, ತೊಗರಿ ಹೊಲ ಬಿಟ್ಟರೆ ನೋಡೋಕೆ ಏನಿದೆ ಅನ್ನಿಸುತ್ತೆ. ಆದರೆ 1948ರ ಸೆಪ್ಟೆಂಬರ್ 13ರಂದು ಸೊಲ್ಲಾಪುರದಿಂದ ಹೊರಟ ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಸೈನ್ಯ ಹಿಡಿದದ್ದು ಇದೇ ದಾರಿ. ಐದನೇ ದಿನಕ್ಕೆ ನಿಜಾಮ ಶರಣಾದ.

ಬಸವಕಲ್ಯಾಣಕ್ಕೆ ಬಂದವರು ಅನುಭವ ಮಂಟಪ, ತ್ರಿಪುರಾಂತ ಕೆರೆ ನೋಡಿ ಹೊರಟುಬಿಡುತ್ತಾರೆ. ಕೋಟೆಗೂ ಒಂದು ತಾಸು ಇಟ್ಟುಕೊಳ್ಳಿ. ಚಾಲುಕ್ಯರ ರಾಜಧಾನಿಯಾಗಿದ್ದ ಊರನ್ನು 1657ರಲ್ಲಿ ಔರಂಗಜೇಬ್ ಗೆದ್ದ, ನಂತರ ನಿಜಾಮರ ಕೆಳಗೆ ನವಾಬರ ಜಹಗೀರಾಯಿತು. ಬುರುಜಿನ ಮೇಲೆ ಫಿರಂಗಿಗಳು ಇನ್ನೂ ಇವೆ. ಆದರೆ 1798ರ ನಂತರ ಈ ಸೀಮೆಯ ನಿಜವಾದ ಕಾವಲು ಫಿರಂಗಿಯದ್ದಲ್ಲ, ಒಂದು ಕಾಗದದ್ದು. ಆ ವರ್ಷ ನಿಜಾಮ ಈಸ್ಟ್ ಇಂಡಿಯಾ ಕಂಪನಿ ಜೊತೆ ಸಹಾಯಕ ಸೈನ್ಯದ ಒಪ್ಪಂದ ಮಾಡಿಕೊಂಡ. ಕಂಪನಿ ಸೈನ್ಯ ಕಾಯುತ್ತದೆ, ಸಂಬಳ ನಿಜಾಮನದು. ಸೆಕ್ಯುರಿಟಿಯವನಿಗೆ ಸಂಬಳ ಕೊಡಲಾಗದೆ ಮನೆಯ ಒಂದೊಂದೇ ಕೋಣೆ ಬರೆದುಕೊಟ್ಟ ಹಾಗಾಯ್ತು ಕಥೆ. ಸೈನ್ಯದ ಬಾಕಿ ಏರಿ ಏರಿ 1853ರಲ್ಲಿ ಬೇರಾರ್, ರಾಯಚೂರು ದೋಆಬ್, ನಳದುರ್ಗದ ಸೀಮೆ ಇಂಗ್ಲಿಷರ ಕೈಗೆ ಹೋದವು. ಸುರಪುರದ ಕಥೆಯಲ್ಲಿ ನಮಗೆ ಗೊತ್ತಿರುವ ಮೆಡೋಸ್ ಟೇಲರ್ ನಳದುರ್ಗದ ಆಡಳಿತಕ್ಕೆ ಬಂದದ್ದು ಆಗಲೇ. 1857ರಲ್ಲಿ ನಿಜಾಮ ಬ್ರಿಟಿಷರ ಪರ ನಿಂತ. 1860ರಲ್ಲಿ ರಾಯಚೂರು, ನಳದುರ್ಗ ವಾಪಸ್ ಬಂದವು. ಬೇರಾರ್ ಬರಲಿಲ್ಲ.

1947ರಲ್ಲಿ ಆ ಕಾವಲುಗಾರನೇ ಗಂಟುಮೂಟೆ ಕಟ್ಟಿದ. ನಿಜಾಮ ಬೇರೆ ಆಸರೆ ಹುಡುಕತೊಡಗಿದ. ಕಾನೂನು ಸಲಹೆಗೆ ಲಂಡನ್ನಿನ ವಾಲ್ಟರ್ ಮಾಂಕ್ಟನ್, ಆಯುಧಕ್ಕೆ ಆಸ್ಟ್ರೇಲಿಯಾದ ಪೈಲಟ್ ಸಿಡ್ನಿ ಕಾಟನ್. ಕಾಟನ್ನನ ವಿಮಾನಗಳು ರಾತ್ರೋರಾತ್ರಿ ಕರಾಚಿಯಿಂದ ಬೀದರ್, ವಾರಂಗಲ್ಲಿಗೆ ಬಂದೂಕು ತಂದಿಳಿಸುತ್ತಿದ್ದವು. ಹೈದರಾಬಾದಿನ ದೂರು ವಿಶ್ವಸಂಸ್ಥೆಗೂ ಹೋಯಿತು. ಭದ್ರತಾ ಮಂಡಳಿ ಪ್ಯಾರಿಸ್‌ನಲ್ಲಿ ಅದನ್ನು ಎತ್ತಿಕೊಂಡದ್ದು ಸೆಪ್ಟೆಂಬರ್ 16ಕ್ಕೆ, ಅಂದರೆ ಶರಣಾಗತಿಯ ಹಿಂದಿನ ದಿನ! ಅದೇ ತಿಂಗಳು ಲಂಡನ್ನಿನಲ್ಲಿದ್ದ ಪಾಕಿಸ್ತಾನದ ಹೈಕಮಿಷನರ್ ಖಾತೆಗೆ ವರ್ಗವಾದ ಹತ್ತು ಲಕ್ಷ ಪೌಂಡ್ ಯಾರದೆಂಬ ತೀರ್ಪು ಬಂದದ್ದು 2019ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಅದು ಮೂರೂವರೆ ಕೋಟಿ ಪೌಂಡ್ ಆಗಿತ್ತು.

ದೊಡ್ಡವರ ಲೆಕ್ಕ ಹೀಗೆ ಬ್ಯಾಂಕಿನಲ್ಲಿ ಬಡ್ಡಿ ಸಮೇತ ಭದ್ರವಾಗಿರುತ್ತದೆ. ಬಸವಕಲ್ಯಾಣದ ಕಡೆಯ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ರಜಾಕಾರರು ಕೊಂದವರ ಲೆಕ್ಕ ಮಾತ್ರ ಇವತ್ತಿಗೂ ‘ಸುಮಾರು ಇನ್ನೂರು’. ಅಲ್ಲಿನ ಸ್ಮಾರಕ ಉದ್ಘಾಟನೆಯಾದದ್ದು 2023ರಲ್ಲಿ. ಇನ್ನೊಂದು ಲೆಕ್ಕವೂ ಇದೆ. ಸೈನ್ಯ ಬಂದ ಮೇಲೆ ಮುಸ್ಲಿಮರ ಮೇಲೆ ನಡೆದ ಹತ್ಯೆಗಳನ್ನು ತನಿಖೆ ಮಾಡಿದ ಪಂಡಿತ್ ಸುಂದರಲಾಲ್ ಸಮಿತಿ, ಇಡೀ ರಾಜ್ಯದಲ್ಲಿ ಸತ್ತವರು 27 ಸಾವಿರದಿಂದ 40 ಸಾವಿರ ಅಂತ ಅಂದಾಜು ಮಾಡಿತು. ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಬೀದರ್, ಕಲಬುರಗಿ ಎರಡೂ ಇವೆ. ಆ ವರದಿ ದಶಕಗಳ ಕಾಲ ಹೊರಗೆ ಬರಲೇ ಇಲ್ಲ. ಎರಡು ಸಾವುಗಳನ್ನು ತಕ್ಕಡಿಯಲ್ಲಿಟ್ಟು ತೂಗುವುದು ನನಗೆ ಸರಿಕಾಣುವುದಿಲ್ಲ, ಒಂದನ್ನು ಮಾತ್ರ ಹೇಳಿ ಸುಮ್ಮನಾಗುವುದೂ ಕೂಡ.

ಹುಮನಾಬಾದಿನಲ್ಲಿ ಮಾಣಿಕನಗರಕ್ಕೆ ಕರೆದೊಯ್ದ ಆಟೋದವರು ವಯಸ್ಸಾದವರು. ‘ನಮ್ಮ ಮುತ್ಯಾ ಹಾಲಿ ರೂಪಾಯಿ ಎಣಿಸಿದಾಂವರಿ. ಕಲ್ದಾರ್ ಅಂದ್ರ ಇಂಗ್ಲಿಷರದು, ಅದರ ಬೆಲಿ ಜಾಸ್ತಿ’ ಅಂದರು. ಪೊಲೀಸ್ ಆ್ಯಕ್ಷನ್ ಬಗ್ಗೆ ಕೇಳಿದೆ. ಅಷ್ಟೊತ್ತಿಗೆ ಪ್ರಭು ಮಂದಿರದ ದ್ವಾರ ಬಂದಿತ್ತು. ಗಾಡಿ ನಿಲ್ಲಿಸಿ, ‘ಆ ಮಾತ ಮನ್ಯಾಗ ಯಾರೂ ಆಡೂದಿಲ್ರಿ. ಇಲ್ಲಿ ಇಬ್ಬರೂ ಬರ್ತಾರ, ಹೋಗಿ ದರ್ಶನ ಮಾಡ್ಕೊಂಡು ಬರ್ರಿ, ನಾ ಇಲ್ಲೇ ಇರ್ತೀನಿ’ ಅಂದರು.