ಹರವೆಯಿಂದ ಬಂಡೀಪುರಕ್ಕೆ ಮೋಟಾರು ಸೈಕಲ್ ಯಾತ್ರೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಎತ್ತಿನ ಬಂಡಿಯ ಕಾಲದಲ್ಲಿ ಕೆಲವರಿಗೆ ಮಾತ್ರ ಸಾಧ್ಯವಾಗಿದ್ದ ದೇಶಾಟನವು, ಮೋಟಾರು ಸೈಕಲ್ಲು ಬಂದ ಮೇಲೆ ಸಾಮಾನ್ಯ ಗೃಹಸ್ಥನ ಕೈಗೂ ಎಟುಕಿತು. ಅಮೆರಿಕೆಯ ರಾಬರ್ಟ್ ಎಡಿಸನ್ ಫುಲ್ಟನ್ ಎಂಬ ತರುಣನು 1932ರಲ್ಲಿ ಲಂಡನ್ನಿನಿಂದ ಡಗ್ಲಾಸ್ ಮೋಟಾರು ಸೈಕಲ್ಲನ್ನೇರಿ ಹೊರಟು, ತುರ್ಕಿ, ಸಿರಿಯಾ, ಇರಾಕುಗಳನ್ನು ಹಾದು ಹಿಂದೂಸ್ಥಾನಕ್ಕೂ ಬಂದು, ಮುಂದೆ ತನ್ನ ಯಾತ್ರೆಯನ್ನು ಕುರಿತು ಗ್ರಂಥವನ್ನೂ ಬರೆದನು. ಇಂತಹ ಸಾಹಸಗಳನ್ನು ಕೇಳಿ, ತಾವೂ ತುರ್ಕಿಯವರೆಗೆ ಹೋಗಬೇಕೆಂದು ಹಂಬಲಿಸುವ ತರುಣರು ನಮ್ಮಲ್ಲಿಯೂ ಇದ್ದಾರೆ. ಹಂಬಲವು ಒಳ್ಳೆಯದೇ ಸರಿ. ಆದರೆ ದಾರಿಗನಿಗೆ ಬೇಕಾದ ಮುಖ್ಯ ವಿದ್ಯೆಯನ್ನು ಕಲಿಯಲು ಅಷ್ಟು ದೂರ ಹೋಗಬೇಕಾದುದಿಲ್ಲವೆಂದು, ಚಾಮರಾಜನಗರ ತಾಲ್ಲೂಕಿನ ಹರವೆಯಿಂದ ಬಂಡೀಪುರದವರೆಗೆ ಒಂದು ದಿನ ಸಂಚರಿಸಿದಾಗ ನಮಗೆ ಮನವರಿಕೆಯಾಯಿತು.

ನಾವೇರಿದ ವಾಹನವು ಮೈಸೂರಿನಲ್ಲಿಯೇ ಹುಟ್ಟಿದುದು. ಚೆಕೊಸ್ಲೊವಾಕಿಯದ ಜಾವಾ ಮಾದರಿಯ ಮೋಟಾರು ಸೈಕಲ್ಲುಗಳನ್ನು ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ತಯಾರಿಸುತ್ತ ಬಂದು, ಅನಂತರ ಅವಕ್ಕೆ ಯೆಜ್ಡಿ ಎಂದು ಹೆಸರಿಟ್ಟಿತು. 1996ರಲ್ಲಿ ಆ ಕಾರ್ಖಾನೆಯು ಮುಚ್ಚಿಹೋದರೂ, ಅದರ 250 ಸಿ.ಸಿ. ಗಾಡಿಗಳು ಈ ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಅಲ್ಲಲ್ಲಿ ಓಡುತ್ತಿವೆ. ಇದರಲ್ಲೊಂದು ಚಮತ್ಕಾರವುಂಟು: ಒದ್ದು ಎಂಜಿನ್ನನ್ನು ಚಾಲನೆಗೊಳಿಸುವ ಸನ್ನೆಯೇ ಬಳಿಕ ಮುಂದಕ್ಕೆ ತಿರುಗಿ ಗೇರು ಬದಲಿಸುವ ಸನ್ನೆಯಾಗುವುದು. ಎರಡು ಹೊಡೆತದ ಎಂಜಿನ್ನಾದುದರಿಂದ ಪೆಟ್ರೋಲಿನೊಡನೆ ಎಣ್ಣೆಯನ್ನೂ ಅಳತೆಯರಿತು ಬೆರೆಸಬೇಕು. ಎಣ್ಣೆ ಕಡಮೆಯಾದರೆ ಎಂಜಿನ್ನು ಕಚ್ಚಿಕೊಳ್ಳುವುದು. ಹೆಚ್ಚಾದರೆ ಪ್ಲಗ್ಗಿಗೆ ಮಸಿ ಹಿಡಿದು ಕಿಡಿಯೇ ಹಾರದು. ಒಟ್ಟಿನಲ್ಲಿ ಇದು ಸವಾರನಿಂದ ತಾಳ್ಮೆಯನ್ನು ಬೇಡುವ ಗಾಡಿ.

ಹರವೆಯನ್ನು ಮುಂಜಾನೆಯೇ ಬಿಟ್ಟೆವು. ಇಬ್ಬನಿ ಇನ್ನೂ ಆರಿರಲಿಲ್ಲ. ಮಳೆಯನ್ನೇ ನಂಬಿದ ಹೊಲಗಳು, ನಡುನಡುವೆ ಅರಿಸಿನದ ಹಸುರು, ತೆಂಗಿನ ತೋಪುಗಳು. ಮೋಟಾರು ಕಾರಿನಲ್ಲಿ ಕುಳಿತವನಿಗೆ ಇವೆಲ್ಲ ಗಾಜಿನಾಚೆಯ ಚಿತ್ರ. ಮೋಟಾರು ಸೈಕಲ್ಲಿನವನಿಗಾದರೋ ಉತ್ತ ಮಣ್ಣಿನ ವಾಸನೆಯೂ ಒಲೆಯ ಹೊಗೆಯೂ ನೇರವಾಗಿ ಮೂಗಿಗೇ ಬರುವುವು. ತೆರಕಣಾಂಬಿಯ ಬಳಿ ಪ್ಲಗ್ಗು ಮಸಿಗಟ್ಟಿ ಗಾಡಿ ನಿಂತಿತು. ಅದನ್ನು ಬಿಚ್ಚಿ ಒರಸುತ್ತಿರುವಾಗ ದಾರಿಹೋಕರೊಬ್ಬರು ತಾವಾಗಿಯೇ ಮರಳು ಕಾಗದದ ತುಂಡನ್ನು ತಂದುಕೊಟ್ಟು, “ಇಷ್ಟು ದೂರ ಬಂದವರು ದೇವಸ್ಥಾನವನ್ನು ನೋಡದೆ ಹೋಗಬಹುದೆ?” ಎಂದರು. ಅವರ ಮಾತಿನಂತೆ ಲಕ್ಷ್ಮೀವರದರಾಜಸ್ವಾಮಿಯ ದರ್ಶನವಾಯಿತು. ಈಗ ಸಣ್ಣ ಊರಾಗಿ ತೋರುವ ತೆರಕಣಾಂಬಿಯು ಹಿಂದೆ ಹೆಸರಾಂತ ಪಟ್ಟಣವಾಗಿತ್ತೆಂಬುದಕ್ಕೆ ಅಲ್ಲಿನ ಹಳೆಯ ದೇಗುಲಗಳೇ ಸಾಕ್ಷಿ.

ಗುಂಡ್ಲುಪೇಟೆಯಲ್ಲಿ ಉಪಾಹಾರವನ್ನು ಮುಗಿಸಿದೆವು. ಇಲ್ಲಿನ ವಿಜಯನಾರಾಯಣ ದೇವಾಲಯವು ಪ್ರಾಚೀನವಾದುದು. ಪರವಾಸುದೇವ ದೇವಾಲಯವನ್ನು ಚಿಕ್ಕದೇವರಾಜ ಒಡೆಯರು ತಮ್ಮ ತಂದೆಯ ಸ್ಮರಣೆಗಾಗಿ ಕಟ್ಟಿಸಿದರು. ಮೈಸೂರಿನಿಂದ ಬರುವ ಹೆದ್ದಾರಿಯು ಈ ಊರಿನಲ್ಲಿ ಎರಡಾಗಿ ಒಡೆದು, ಒಂದು ಕವಲು ಸುಲ್ತಾನ್ ಬತ್ತೇರಿಯ ಕಡೆಗೂ ಮತ್ತೊಂದು ಉದಕಮಂಡಲದ ಕಡೆಗೂ ಸಾಗುವುದು. ಎರಡೂ ಅರಣ್ಯವನ್ನು ಹಾದೇ ಹೋಗಬೇಕು.

ಉದಕಮಂಡಲದ ದಾರಿಯಲ್ಲಿ ಹಂಗಳದಿಂದ ಬಲಕ್ಕೆ ತಿರುಗಿದರೆ ಹಿಮವದ್ಗೋಪಾಲಸ್ವಾಮಿ ಬೆಟ್ಟ. 1454 ಮೀಟರು ಎತ್ತರದ ಈ ಬೆಟ್ಟದ ನೆತ್ತಿಯಲ್ಲಿ ಹೊಯ್ಸಳರ ಮುಮ್ಮಡಿ ಬಲ್ಲಾಳನ ಕಾಲದ್ದೆಂದು ಹೇಳಲಾಗುವ ವೇಣುಗೋಪಾಲನ ಗುಡಿಯಿದೆ. ಖಾಸಗಿ ವಾಹನಗಳನ್ನು ಮೇಲಕ್ಕೆ ಬಿಡುವುದಿಲ್ಲ. ಅಡಿಯಲ್ಲಿ ನಿಲ್ಲಿಸಿ ಸಾರಿಗೆ ಸಂಸ್ಥೆಯ ಬಸ್ಸನ್ನು ಹತ್ತಬೇಕು. ಆ ತಿರುವುಗಳನ್ನು ಸ್ವಂತ ಗಾಡಿಯಲ್ಲಿಯೇ ಏರಬೇಕೆಂಬ ಆಸೆಯಿಂದ ಬಂದ ಸವಾರನಿಗೆ ಇದು ತುಸು ಬೇಸರದ ಸಂಗತಿಯೇ. ಮೇಲೆ ಹೋಗಿ ನೋಡಿದಾಗ ಬೇಸರವು ಉಳಿಯಲಿಲ್ಲ. ಮಂಜು ಸರಿದಾಗ ಕೆಳಗಿನ ಹುಲ್ಲುಗಾವಲಿನಲ್ಲಿ ನಾಲ್ಕು ಆನೆಗಳು, ಅವುಗಳ ಕಾಲಸಂದಿಯಲ್ಲೊಂದು ಮರಿ, ಯಾವ ಅವಸರವೂ ಇಲ್ಲದೆ ಮೇಯುತ್ತಿದ್ದುವು. ಇನ್ನೂರು ಎಂಜಿನ್ನುಗಳು ಆ ಬೆಟ್ಟದಲ್ಲಿ ಗುಡುಗುತ್ತಿದ್ದರೆ ಈ ನೋಟವು ದೊರೆಯುತ್ತಿದ್ದಿತೆ?

ಹಂಗಳಕ್ಕೆ ಮರಳಿ ಮೇಲುಕಾಮನಹಳ್ಳಿಯ ತನಿಖಾ ಠಾಣೆಯನ್ನು ದಾಟಿದರೆ ಕಾಡು. ಮೈಸೂರು ಸಂಸ್ಥಾನದವರು 1931ರಲ್ಲಿ ವೇಣುಗೋಪಾಲ ವನ್ಯಮೃಗ ಧಾಮವೆಂದು ಕಾದಿರಿಸಿದ ಅರಣ್ಯವೇ ಬೆಳೆದು, 1973ರಲ್ಲಿ ಹುಲಿ ಯೋಜನೆಗೆ ಸೇರಿತು. ವೈನಾಡು, ಮುದುಮಲೆ, ನಾಗರಹೊಳೆಗಳ ಕಾಡುಗಳು ಇದಕ್ಕೆ ಹೊಂದಿಕೊಂಡಿರುವುದರಿಂದ ಆನೆ ಹುಲಿಗಳಿಗೆ ಇದೆಲ್ಲ ಒಂದೇ ಸೀಮೆ. ನಾವು ಎಳೆದ ರಾಜ್ಯದ ಗಡಿಗಳನ್ನು ಅವು ಅರಿಯವು. ಅವುಗಳ ಸೀಮೆಯನ್ನು ಕಡಿದು ಹೋಗಿರುವುದು ನಮ್ಮ ರಸ್ತೆ. ಹಗಲಿನಲ್ಲಿ ಅದು ನಮ್ಮದು. 2009ರಿಂದ ರಾತ್ರಿ 9 ಗಂಟೆಯಿಂದ ಬೆಳಗಿನ 6 ಗಂಟೆಯವರೆಗೆ ಈ ಎರಡು ರಸ್ತೆಗಳಲ್ಲಿಯೂ ವಾಹನ ಸಂಚಾರವನ್ನು ನಿಷೇಧಿಸಿದ್ದಾರೆ. ರೋಗಿಗಳನ್ನು ಒಯ್ಯುವ ವಾಹನಗಳಿಗೂ ಗೊತ್ತಾದ ಕೆಲವು ಬಸ್ಸುಗಳಿಗೂ ಮಾತ್ರ ವಿನಾಯಿತಿಯುಂಟು. ದೀಪದ ಬೆಳಕಿಗೆ ಕಣ್ಣು ಕುಕ್ಕಿ ನಿಂತಲ್ಲಿಯೇ ನಿಲ್ಲುವ ಜಿಂಕೆಗಳು ಚಕ್ರಕ್ಕೆ ಸಿಕ್ಕಿ ಸಾಯುತ್ತಿದ್ದುದೇ ಇದಕ್ಕೆ ಕಾರಣ.

ಈ ನಿಷೇಧದಿಂದ ತೊಂದರೆಗೊಳಗಾದವರಿಲ್ಲವೆಂದಲ್ಲ. ತರಕಾರಿಯನ್ನೂ ಹೂವನ್ನೂ ಕೇರಳಕ್ಕೆ ಸಾಗಿಸುವವರಿಗೆ ರಾತ್ರಿಯ ಪ್ರತಿಯೊಂದು ಗಂಟೆಯೂ ಹಣವೇ. ಗೋಣಿಕೊಪ್ಪ, ಕುಟ್ಟಗಳ ಮಾರ್ಗವಿದ್ದರೂ ಅದು ಬಳಸು ದಾರಿ. ವೈನಾಡಿನವರ ದೂರು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅವರ ಕಷ್ಟವನ್ನು ಹಗುರವಾಗಿ ಎಣಿಸಲಾಗದು. ಆದರೂ ನಮ್ಮ ಸರಕಿಗೆ ಬಳಸು ದಾರಿಯುಂಟು, ಕಾಡಿನ ಪ್ರಾಣಿಗೆ ಬೇರೆ ಕಾಡಿಲ್ಲ ಎಂಬುದನ್ನು ನೆನೆದಾಗ, ಇಪ್ಪತ್ತನಾಲ್ಕು ಗಂಟೆಗಳಲ್ಲಿ ಒಂಬತ್ತನ್ನು ಅವಕ್ಕೆ ಬಿಟ್ಟುಕೊಡುವುದು ಅನ್ಯಾಯವೆಂದು ನಮಗೆ ತೋರುವುದಿಲ್ಲ.

ಆದಕಾರಣ ಈ ದಾರಿಯಲ್ಲಿ ಸಂಚರಿಸಬಯಸುವ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ. ಬೆಳಗಿನಲ್ಲಿ ಬೇಗ ಹೊರಟು, ಕತ್ತಲೆಗೆ ಮುನ್ನವೇ ಕಾಡಿನಿಂದ ಹೊರಬನ್ನಿರಿ. ಕಾಡಿನೊಳಗೆ ಗಾಡಿಯನ್ನು ನಿಲ್ಲಿಸಬೇಡಿರಿ, ಹಾರನ್ನನ್ನು ಬಾರಿಸಬೇಡಿರಿ, ಕೋತಿ ಜಿಂಕೆಗಳಿಗೆ ತಿಂಡಿಯನ್ನು ಎಸೆಯಬೇಡಿರಿ. ಎದುರಿಗೆ ಆನೆ ಬಂದರೆ ದೂರದಲ್ಲಿಯೇ ನಿಂತು, ಅದು ದಾಟಿದ ಬಳಿಕ ಮುಂದುವರಿಯಿರಿ. ತುರ್ಕಿಯ ಗಡಿಯನ್ನು ದಾಟಲು ರಹದಾರಿ ಬೇಕು. ಈ ಕಾಡಿನ ಗಡಿಯನ್ನು ದಾಟಲು ಹೊತ್ತಿನ ಅರಿವು ಬೇಕು. ಎಲ್ಲಿ ನಿಲ್ಲಬೇಕೆಂಬುದನ್ನು ಮನೆಯ ಹತ್ತಿರವೇ ಕಲಿತ ಸವಾರನು ಮುಂದೆ ಯಾವ ದೇಶಕ್ಕೆ ಹೋದರೂ ಸಲ್ಲುವನು.