ಕೇಬಲ್ ಕಳ್ಳತನ ಮತ್ತು ನಾನು ಮಾಡೋ ಪಾಠ

ತುಂಬಾ ಜನ ಕೇಳ್ತಿರ್ತೀರಿ, "ಮೇಷ್ಟ್ರೇ, ವಾರಕ್ಕೆರಡು ದಿನ ಬ್ಯಾಗ್ ಹಾಕ್ಕೊಂಡು ಬಸ್ ಹತ್ತೀರಲ್ಲ, ಯೂನಿವರ್ಸಿಟೀಲಿ ಏನು ಹೇಳ್ಕೊಡ್ತೀರಿ?" ಅಂತ. ಸಮಾಜಶಾಸ್ತ್ರ, ಅಪರಾಧಶಾಸ್ತ್ರ ಅಂದ್ರೆ "ಕಳ್ಳರಿಗೆ ಟ್ರೈನಿಂಗಾ?" ಅಂತ ನಗ್ತೀರಿ. ಹೋದ ತಿಂಗಳು ಒಂದೇ ರಾತ್ರಿ ನಮ್ಮ ಸುತ್ತಿನ ನಾಲ್ಕು ತೋಟದಲ್ಲಿ ಮೋಟರ್ ಕೇಬಲ್ ಹೋದ ಮೇಲೆ ಯಾರೂ ನಗ್ತಾ ಇಲ್ಲ. ಹಾಗಾಗಿ ಈ ಸಲ ರಾಗಿ, ರೇಷ್ಮೆ ಬಿಟ್ಟು ಇದನ್ನೇ ಬರೀತೀನಿ. ಸ್ವಲ್ಪ ಉದ್ದ ಇದೆ, ಓದಿ.

ಅತಿಥಿ ಉಪನ್ಯಾಸಕ ಅಂದ್ರೆ ಕೂಲಿ ಲೆಕ್ಕವೇ. ಪಾಠ ಮಾಡಿದ ಗಂಟೆಗೆ ದುಡ್ಡು, ರಜಕ್ಕೆ ಇಲ್ಲ. ಬಿಲ್ಲು ಪಾಸಾಗೋದು ಯಾವಾಗಲೋ. ಅದಕ್ಕಿಂತ ಗೂಡಿನ ದುಡ್ಡು ಬೇಗ ಕೈಗೆ ಬರುತ್ತೆ. ಆದ್ರೂ ಹೋಗ್ತೀನಿ.

ಸಮಾಜಶಾಸ್ತ್ರದ ಕ್ಲಾಸಲ್ಲಿ ಎಂ.ಎನ್. ಶ್ರೀನಿವಾಸ್ ಅವರಿಂದ ಶುರು ಮಾಡ್ತೀನಿ. ಮೈಸೂರಿನವರು. 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳೀಲಿ ಮನೆ ಮಾಡಿಕೊಂಡಿದ್ದು, ಯಾರು ಯಾರ ಹೊಲಕ್ಕೆ ಹೋಗ್ತಾರೆ, ಜಗಳ ಯಾರು ಬಿಡಿಸ್ತಾರೆ ಅಂತ ನೋಡಿ ಬರ್ಕೊಂಡ್ರು. ಊರಿಗೆ 'ರಾಂಪುರ' ಅಂತ ಬೇರೆ ಹೆಸರಿಟ್ರು. ಸಿದ್ಧ ಮಾಡಿಟ್ಟುಕೊಂಡಿದ್ದ ಟಿಪ್ಪಣಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಸಿಕ್ಕಿ ಸುಟ್ಟುಹೋದ್ವು. ನೆನಪಿನ ಮೇಲೆಯೇ ಕೂತು ಪುಸ್ತಕ ಬರೆದ್ರು, 1976ರಲ್ಲಿ ಬಂತು. ನಮ್ಮ ಮುಯ್ಯಾಳು ಪದ್ಧತಿ, ಕೆರೆ ನೀರಿನ ಸರದಿ ಇವೆಲ್ಲ ಪಾಠ ಆಗಬಹುದು ಅಂದಾಗ ರೈತರ ಮಕ್ಕಳು ಬೆನ್ನು ನೆಟ್ಟಗೆ ಮಾಡ್ಕೊಂಡು ಕೂರ್ತಾರೆ.

ಅಪರಾಧಶಾಸ್ತ್ರದಲ್ಲಿ ಮೊದಲ ಪ್ರಶ್ನೆ, ಕಳ್ಳ ಯಾಕೆ ಕಳ್ಳ ಆಗ್ತಾನೆ? ಇಟಲಿಯ ಲೊಂಬ್ರೋಸೊ ಅನ್ನೋ ಡಾಕ್ಟರು 1876ರಲ್ಲಿ ಪುಸ್ತಕ ಬರೆದು, ದವಡೆ, ಕಿವಿ, ಹಣೆ ನೋಡಿದ್ರೆ ಹುಟ್ಟುಕಳ್ಳನ್ನ ಗುರುತಿಸಬಹುದು ಅಂದ. ಹುಡುಗರು ಪಕ್ಕದವನ ಕಿವಿ ನೋಡಿ ನಗ್ತಾರೆ.

ಆಮೇಲೆ ನಮ್ಮ ದೇಶದ ಕತೆ ಹೇಳ್ತೀನಿ. ಅದಕ್ಕೂ ಮುಂಚೆಯೇ, 1871ರಲ್ಲಿ, ಬ್ರಿಟಿಷರು ಒಂದು ಕಾಯ್ದೆ ತಂದ್ರು. ಇಡೀ ಜಾತಿಗೆ ಜಾತಿಯನ್ನೇ 'ಅಪರಾಧಿ ಬುಡಕಟ್ಟು' ಅಂತ ಪಟ್ಟಿಗೆ ಸೇರಿಸೋ ಕಾಯ್ದೆ. ಅಂಥ ಮನೇಲಿ ಹುಟ್ಟಿದ್ರೆ ಸಾಕು, ಹೆಸರು ಬರೆಸಬೇಕು, ಹಾಜರಿ ಹಾಕಬೇಕು, ಊರು ಬಿಡೋಕೆ ಪರವಾನಗಿ ಬೇಕು. ಮುಂದೆ ಅವರನ್ನ ಬೇಲಿ ಹಾಕಿದ ಕಾಲೊನಿಗಳಲ್ಲೂ ಇಟ್ರು. ಹುಬ್ಬಳ್ಳಿಯ ಸೆಟ್ಲ್‌ಮೆಂಟ್‌ಗೆ ಆ ಹೆಸರು ಬಂದದ್ದು ಹಾಗೆ. 1952ರಲ್ಲಿ ಕಾಯ್ದೆ ರದ್ದಾಯ್ತು. ಅದರಿಂದ ಬಿಡುಗಡೆ ಆದವರು ಅಂತಲೇ 'ವಿಮುಕ್ತ ಬುಡಕಟ್ಟು' ಅನ್ನೋ ಹೆಸರು.

ಈ ಪಾಠ ಮುಗಿದ ದಿನ ಒಬ್ಬಳು ಹುಡುಗಿ ಎಲ್ಲರೂ ಹೋಗೋವರೆಗೆ ಕಾದಿದ್ದು ಬಂದು ಹೇಳಿದ್ಲು, "ಸಾರ್, ಕಾಯ್ದೆ ಹೋಗಿರಬಹುದು. ನಮ್ಮೂರಲ್ಲಿ ಕೋಳಿ ಕಳೆದ್ರೂ ಮೊದಲು ನಮ್ಮ ಮನೆ ಬಾಗಿಲಿಗೇ ಬರ್ತಾರೆ." ನಾನು ಏನೂ ಹೇಳಲಿಲ್ಲ. ಹೇಳೋಕೆ ಏನಿತ್ತು?

ಅದೇ ವಾರ ನಮ್ಮ ಕೇಬಲ್ ಹೋಗಿದ್ದು. ಅರಳಿಕಟ್ಟೆ ಹತ್ರ ಸೇರಿದಾಗ ಬಂದ ಮೊದಲ ಮಾತು ನಿಮಗೆ ನೆನಪಿದೆ, "ಕೆರೆ ಅಂಗಳದಲ್ಲಿ ಟೆಂಟ್ ಹಾಕಿರೋರನ್ನ ಎಬ್ಬಿಸಿ." ನೋಡಿದವರು ಯಾರು? ಯಾರೂ ಇಲ್ಲ. ತಂತಿ ಸಿಕ್ಕಿತಾ? ಇಲ್ಲ. "ನೋಡಬೇಕಾ, ಅವರ ಕಸುಬೇ ಅದು" ಅಂದ್ರು ಒಬ್ಬ ಹಿರಿಯರು. ಅವರ ಮೇಲೆ ನನಗೆ ಗೌರವ ಇದೆ, ಅವರದ್ದೂ ಅರವತ್ತು ಮೀಟರ್ ಹೋಗಿದೆ. ಆದ್ರೂ ಅಂದೆ, "ದೊಡ್ಡಯ್ಯ, ಅವರ ಕಸುಬು ಕೂದಲು ಕೊಳ್ಳೋದು, ಪ್ಲಾಸ್ಟಿಕ್ ಸಾಮಾನು ಮಾರೋದು. ನಿಮ್ಮ ಸೊಸೆಯೂ ಅವರ ಹತ್ರ ಬಿಂದಿಗೆ ತಗೊಂಡಿದ್ದಾರೆ." ಅವತ್ತಿಂದ ಅವರು ನನ್ನ ಹತ್ರ ಮಾತು ಬಿಟ್ಟಿದ್ದಾರೆ. ಎಬ್ಬಿಸೋ ತೀರ್ಮಾನ ಮುಂದಕ್ಕೆ ಹೋಯ್ತು, ಅಷ್ಟೇ.

ಕದ್ದವನು ಟೆಂಟಿನವನೇ ಇರಬಹುದು, ನಮ್ಮೂರವನೇ ಇರಬಹುದು. ಸಿಕ್ಕಿದ್ರೆ ಕೇಸು ಅವನ ಹೆಸರಲ್ಲಿ ಆಗಲಿ. ಅವನ ಜಾತಿ ಮೇಲೆ, ಅವನ ಮಕ್ಕಳ ಮೇಲೆ ಬೇಡ.

ಹಾಗಾದ್ರೆ ಕೈಕಟ್ಟಿ ಕೂರೋದಾ? ಇಲ್ಲ. ಇಲ್ಲಿ ನನ್ನ ಪಾಠ ನಿಜವಾಗ್ಲೂ ಉಪಯೋಗಕ್ಕೆ ಬರುತ್ತೆ.

1979ರಲ್ಲಿ ಅಮೆರಿಕದ ಕೊಹೆನ್, ಫೆಲ್ಸನ್ ಅನ್ನೋ ಇಬ್ಬರು ಒಂದು ಲೆಕ್ಕ ಹೇಳಿದ್ರು. ಕಳ್ಳತನ ಆಗೋಕೆ ಮೂರು ಒಂದೇ ಜಾಗದಲ್ಲಿ, ಒಂದೇ ಹೊತ್ತಲ್ಲಿ ಕೂಡಬೇಕು. ಕದಿಯೋ ಮನಸ್ಸಿರೋನು, ಸುಲಭಕ್ಕೆ ಸಿಗೋ ಮಾಲು, ನೋಡೋರು ಇಲ್ಲದೇ ಇರೋದು. ಕಳ್ಳರ ಸಂಖ್ಯೆ ಹೆಚ್ಚದೇ ಇದ್ರೂ, ಜನರ ದಿನಚರಿ ಬದಲಾದ್ರೆ ಕಳ್ಳತನ ಹೆಚ್ಚುತ್ತೆ ಅಂದ್ರು. ಅಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಿ ಮನೆಗಳು ಹಗಲು ಖಾಲಿ ಬಿದ್ವು.

ನಮ್ಮಲ್ಲಿ ಏನಾಯ್ತು ಯೋಚನೆ ಮಾಡಿ. ಮೊದಲು ರಾತ್ರಿ ತ್ರೀ ಫೇಸ್ ಬಂತು ಅಂದ್ರೆ ಟಾರ್ಚ್ ಹಿಡಿದು ತೋಟಕ್ಕೆ ಓಡ್ತಿದ್ವಿ. ಹಾವು, ಚಳಿ ಅಂತ ಬೈಕೊಂಡ್ರೂ, ಸುತ್ತ ನಾಲ್ಕು ಬ್ಯಾಟರಿ ಬೆಳಕು ಓಡಾಡ್ತಿತ್ತು. ಈಗ ಆಟೋ ಸ್ಟಾರ್ಟರ್ ಇದೆ, ಮೊಬೈಲಲ್ಲೇ ಮೋಟರ್ ಆನ್ ಮಾಡ್ತೀವಿ. ಒಳ್ಳೇದೇ, ನಾನೂ ಹಾಕ್ಸಿದೀನಿ. ಆದ್ರೆ ರಾತ್ರಿ ತೋಟದ ಕಡೆ ನೋಡೋರು ಯಾರೂ ಉಳಿದಿಲ್ಲ. ತಾಮ್ರ ಮಾತ್ರ ಅಲ್ಲೇ ಬಿದ್ದಿದೆ.

ಮೂರರಲ್ಲಿ ಕಳ್ಳನ ಮನಸ್ಸು ನಮ್ಮ ಕೈಲಿಲ್ಲ. ಉಳಿದ ಎರಡು ಇವೆ.

ಸ್ಟಾರ್ಟರ್ ಡಬ್ಬಿಯಿಂದ ಬೋರ್ ಬಾಯಿವರೆಗಿನ ಕೇಬಲ್ ನೆಲದ ಮೇಲೆ ಬಿಡಬೇಡಿ. ಪೈಪಿನೊಳಗೆ ಹಾಕಿ ಹೂತುಬಿಡಿ. ಅಗೆಯೋಕೆ ಹೊತ್ತು ಬೇಕು, ಸದ್ದೂ ಆಗುತ್ತೆ, ಕಳ್ಳನಿಗೆ ಎರಡೂ ಆಗಲ್ಲ.

ನಾಟಿಗೆ ಮುಯ್ಯಾಳು ಬರೋ ಹಾಗೆ ಕಾವಲಿಗೂ ಬರೋಣ. ಅಕ್ಕಪಕ್ಕದ ಎಂಟು ತೋಟದವರು ಸೇರಿದ್ರೆ ಒಬ್ಬೊಬ್ಬರಿಗೆ ಎಂಟು ದಿನಕ್ಕೊಂದು ರಾತ್ರಿ, ಎರಡು ಸುತ್ತು. ಕೈಯಲ್ಲಿ ಟಾರ್ಚ್ ಸಾಕು, ದೊಣ್ಣೆ ಬೇಡ. ಯಾರಾದ್ರೂ ಕಂಡ್ರೆ ಕೂಗಿ, ಫೋನ್ ಮಾಡಿ, ಹೊಡೆಯೋಕೆ ಹೋಗಬೇಡಿ.

ಕದ್ದ ತಾಮ್ರ ಕೊನೆಗೆ ಗುಜರಿಗೇ ಹೋಗಬೇಕು. ಸುಟ್ಟ ತಂತಿ ತಗೋಬೇಡಿ ಅಂತ ಎಲ್ಲರೂ ಒಟ್ಟಿಗೆ ಹೋಗಿ ಹೇಳೋಣ.

ಇನ್ನು ಕಂಪ್ಲೇಂಟ್. ನಾಲ್ಕು ಜನರಲ್ಲಿ ಸ್ಟೇಷನ್‌ಗೆ ಹೋದೋರು ಒಬ್ಬರೇ. "ಕೇಬಲ್‌ಗೆ ಯಾರು ಅಲೀತಾರೆ" ಅಂತ ಉಳಿದವರು ಸುಮ್ಮನಾದ್ರು. ಲೆಕ್ಕಕ್ಕೇ ಬರದ ಇಂಥ ಅಪರಾಧಗಳ ಮೇಲೇ ನಾನು ಒಂದು ಪಾಠ ಮಾಡ್ತೀನಿ. ಕಾಗದದ ಮೇಲೆ ಒಂದೇ ಕಳ್ಳತನ ಇದ್ರೆ ಬೀಟ್ ಪೊಲೀಸರು ಈ ಕಡೆ ಯಾಕೆ ಬರ್ತಾರೆ? 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ. ಅದರ 173ನೇ ಕಲಂ ಪ್ರಕಾರ ಇಂಥ ದೂರನ್ನ ಯಾವ ಸ್ಟೇಷನ್‌ನಲ್ಲಾದ್ರೂ ಕೊಡಬಹುದು, ಅದರ ಪ್ರತಿ ನಿಮಗೆ ಪುಕ್ಕಟೆ ಕೊಡಬೇಕು. ತಗೊಳ್ಳದಿದ್ರೆ ಎಸ್‌ಪಿಗೆ ಬರೆದು ಕಳಿಸಬಹುದು.

ಉಳಿದ ಮೂವರು ಈ ವಾರವೇ ಹೋಗಿ ಬನ್ನಿ. ಅರ್ಜಿ ನಾನು ಬರೆದುಕೊಡ್ತೀನಿ. ಕ್ಲಾಸಿಲ್ಲದ ದಿನ ಜೊತೆಗೂ ಬರ್ತೀನಿ. ಕಾವಲಿನ ಸರದಿ ಪಟ್ಟಿ ಮಾಡೋಕೆ ಭಾನುವಾರ ಸಂಜೆ ಡೈರಿಗೆ ಹಾಲು ಹಾಕಿ ಅಲ್ಲೇ ನಿಲ್ಲಿ. ದೊಡ್ಡಯ್ಯನವರನ್ನ ಕರೆಯೋಕೆ ನಾನೇ ಅವರ ಮನೆಗೆ ಹೋಗ್ತೀನಿ. ಟೆಂಟಿನವರಿಗೂ ಹೇಳಿ ಬರ್ತೀನಿ. ರಾತ್ರಿ ಹೊತ್ತು ಕೆರೆ ಕಡೆ ಎಚ್ಚರವಾಗಿರೋರು ಈಗ ಅವರೊಬ್ಬರೇ.